ಸದ್ದಲೇ ಅಂತೈತೇನ್ರಿ ನಿಮ್ಮ ಪೆಡಲ್ಲು?

ಗಿಟಾರ್ ಪೆಡಲ್ ಕಟ್ಟೋದು ಎಲ್ಲಾ ಮುಗೀತಲ್ಲ? ಸೋಲ್ಡರ್ ಹಾಕಿದ್ದಾತು, ವೈರು ಎಳೆದಿದ್ದಾತು, ಗಿಟಾರಿನ ಪಿನ್ನು ಚುಚ್ಚಿದ್ದಾತು, ಆಂಪ್ಲಿಫಯರ್ ವಾಲ್ಯೂಮ್ ಏರಿಸಿದ್ದೂ ಆತು. ಮನಿ ಮಂದೀನೆಲ್ಲ ಕರದು ಸುತ್ತ ನಿಂದರಿಸಿದ್ರಿ (ಈ ಅವಸರ ಯಾಕ ಬೇಕಿತ್ತೋ!). ಕಾಲಿಂದ ಬಟನ್ ಒತ್ತಿ, ಇದ್ದ ನಾಲ್ಕು ಕೂದಲು ಹಿಂದಕ್ಕ ತಳ್ಳಿ, ತಂತಿ ಮೀಟಿದ್ರಿ. ಏನ್ ಬಂತು? ಏನೂ ಬರಲಿಲ್ಲ, ಹೌದಿಲ್ಲೋ?

ನಾಚ್ಕೋಬ್ಯಾಡ್ರಿ. ನಮ್ಮ ಹಡಗಲಿ ತಾಲೂಕಿನ ಮೈಲಾರದಾಗ ಭಾರತ ಹುಣ್ಣಿಮಿ ಜಾತ್ರ್ಯಾಗ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂದ್ರ ಲಕ್ಷಗಟ್ಟಲೆ ಮಂದಿ ಹಿಂಗ ಗಪ್ಪಾಗ್ತಾರ. ಆಮ್ಯಾಲೆ ಒಂದು ಭವಿಷ್ಯದ ಮಾತು ಬರ್ತೈತಿ, ಅದೇ ಕಾರ್ಣಿಕ. ಇರೋದು ಒಂದೇ ಸಾಲು. ರೈತರು ಅದರಾಗ ಮಳಿ ಹುಡುಕ್ತಾರ, ರಾಜಕಾರಣಿಗಳು ಕುರ್ಚಿ ಹುಡುಕ್ತಾರ.

ನಿಮ್ಮ ಪೆಡಲ್ಲಿಂದೂ ಅದೇ ಕತಿ. ಮೊದಲು ಗಪ್ಪು. ಬಟನ್ ಇನ್ನೊಮ್ಮೆ ಒತ್ತಿದ್ರ 'ಗುಂಯ್' ಅಂತ ಒಂದು ಶಬ್ದ. ಗ್ರೌಂಡ್ ಹೋಗೈತಿ ಅಂತ ನೀವು ಅರ್ಥ ಹೇಳ್ತೀರಿ. ಕೆಪಾಸಿಟರ್ ಹೋಗೈತಿ ಅಂತ ಮಗ ಹೇಳ್ತಾನ. ಬಾಜೂ ಮನಿ ಕಾಕಾ (ಕೆಇಬಿಯಾಗ ಇದ್ದು ರಿಟೈರಾದವರು) 'ಫೇಜ್ ಹೋಗೈತಿ ತಮಾ' ಅಂತ ತೀರ್ಪು ಕೊಟ್ಟು ಎಲಿಅಡಿಕಿ ಉಗಳಾಕ ಹೊರಗ ಹೋಗ್ತಾರ. ಡಬ್ಬಿ ತೆಗೆದು ಒಳಗ ನೋಡಿದವರು ಮಾತ್ರ ಯಾರೂ ಇಲ್ಲ.

ಅಲ್ರೀ, ನೀವು ಕಟ್ಟಿದ್ದು ಫಜ್ ಫೇಸ್ ಅಲ್ಲೇನು? 1966ರಾಗ ಲಂಡನ್ನಿನ ಆರ್ಬಿಟರ್ ಕಂಪನಿ ತಂದದ್ದು, ಜಿಮಿ ಹೆಂಡ್ರಿಕ್ಸ್ ಕಾಲಾಗ ತುಳಿದು ಜಗತ್ತಿಗೆಲ್ಲ ಕೇಳಿಸಿದ್ದು. ಒಳಗ ಇರೋದು ಏನು ಮಹಾ? ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು, ತಿರುವಾಕ ಎರಡು ಕಂಟ್ರೋಲು. ಹನ್ನೊಂದೇ ಸಾಮಾನು. ಅಷ್ಟರಾಗ ಇಷ್ಟು ಗೊಂದಲ ಮಾಡಾಕ ಸಾಧ್ಯ ಐತಿ ಅಂತ ತೋರಿಸಿದ್ದೀರಿ, ಅದಕ್ಕರೆ ನಿಮ್ಮನ್ನ ಮೆಚ್ಚಬೇಕು.

ಸದ್ದು ಬರಲಿಲ್ಲ ಅಂದಕೂಡಲೇ ನೀವು ಏನ್ ಮಾಡ್ತೀರಿ ಅಂತ ನಾನು ಹೇಳ್ಲೇನು? ಮೊದಲು ಡಬ್ಬಿ ತಲಿಮ್ಯಾಲೆ ಎರಡು ಬಡೀತೀರಿ. ಆಮ್ಯಾಲೆ ಚೈನಾ ಮಾಲು ಅಂತೀರಿ. ಅದಾದ ಮ್ಯಾಲೆ ಟ್ರಾನ್ಸಿಸ್ಟರ್ ಮ್ಯಾಲೆ ಗುಮಾನಿ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯವರಾದ್ರ ಹೊಸಪೇಟಿ ಬಸ್ಸು, ಹರಪನಹಳ್ಳಿಯವರಾದ್ರ ದಾವಣಗೇರಿ ಬಸ್ಸು, ಬೆಂಗಳೂರಾಗ ಅಳಿಯ ಇದ್ದವರಾದ್ರ ಎಸ್.ಪಿ. ರೋಡಿಗೆ ಫೋನು. (ಹರಪನಹಳ್ಳಿಯವರಿಗೆ ಕನೆಕ್ಷನ್ ಬದಲಿಸೋದು ಹೊಸದೇನಲ್ಲ ಬಿಡ್ರಿ. 1997ರಾಗ ಬಳ್ಳಾರಿಯಿಂದ ಕಿತ್ತು ದಾವಣಗೇರಿಗೆ ಹಚ್ಚಿದ್ರು, ಮತ್ತ ಬಳ್ಳಾರಿಗೆ ಹಚ್ಚಿದ್ರು, 2021ರಾಗ ವಿಜಯನಗರಕ್ಕ ಹಚ್ಚಿದ್ರು. ಊರು ಮಾತ್ರ ಸುಟ್ಟಿಲ್ಲ.)

ಹೊಸಾ ಟ್ರಾನ್ಸಿಸ್ಟರ್ ಬಂತು. ಹಾಕಿದ್ರಿ. ಮತ್ತ ಸದ್ದಲೇ. ಈಗ ಒಂದು ಸಣ್ಣ ಪ್ರಶ್ನೆ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬ್ಯಾಟರಿ ನೋಡಿದ್ರೇನು?

'ಏ, ಅದು ಹೊಸಾದ್ರೀ, ಮೊನ್ನೆನ ತಂದೀನಿ!' ಗೊತ್ತಿತ್ತು, ಇದನ್ನೇ ಹೇಳ್ತೀರಿ ಅಂತ. ಟ್ರಾನ್ಸಿಸ್ಟರ್ ಹೋತು ಅಂದ್ರ ನಾಲ್ಕು ಮಂದಿ ಮುಂದ ನಿಮಗೊಂದು ಘನತೆ. ಬ್ಯಾಟರಿ ಹೋತು ಅಂದ್ರ ಏನೈತಿ ಘನತೆ? ಗೋಡಿ ಗಡಿಯಾರಕ್ಕ ಸೆಲ್ ಹಾಕೋ ಹುಡುಗನೂ ಹೇಳ್ತಾನ ಅದನ್ನ. ಅದಕ್ಕ ಬ್ಯಾಟರಿ ಕಡಿ ನೀವು ತಿರುಗೂ ನೋಡಂಗಿಲ್ಲ. ತೀರಾ ಒತ್ತಾಯ ಮಾಡಿದ್ರ ಅದರ ಎರಡೂ ತುದಿಗೆ ನಾಲಿಗಿ ಹಚ್ಚಿ 'ಚುರ್ ಅಂತು, ಚಲೋ ಐತಿ' ಅಂತೀರಿ. ನಾಲಿಗಿ ಏನ್ ವೋಲ್ಟ್ ಮೀಟರೇನ್ರಿ? ಅರ್ಧ ಸತ್ತ ಬ್ಯಾಟರಿಯೂ ಚುರ್ ಅಂತೈತಿ. ಮಲ್ಟಿಮೀಟರ್ ಹಚ್ಚಿ, 9 ಇಲ್ಲಾ ಅದರ ಮ್ಯಾಲೆ ತೋರಿಸಿದ್ರ ಸರಿ.

ಮೊನ್ನೆ ತಂದದ್ದು ಇವತ್ತು ಯಾಕ ಸತ್ತೀತು ಅಂತೀರಾ? ಇಲ್ಲೊಂದು ಗುಟ್ಟೈತಿ, ಹತ್ರ ಬರ್ರಿ. ಪೆಡಲ್ಲಿಗೆ ಆನ್-ಆಫ್ ಸ್ವಿಚ್ಚೇ ಇರಂಗಿಲ್ಲ. ಕಾಲಿಂದ ಒತ್ತೋದು ಸದ್ದು ಯಾವ ದಾರಿ ಹಿಡೀಬೇಕು ಅನ್ನೋದಕ್ಕ ಅಷ್ಟ. ಬ್ಯಾಟರಿಗೆ ಸ್ವಿಚ್ಚು ಅಂದ್ರ ಗಿಟಾರಿನ ಪಿನ್ನು! ಇನ್‌ಪುಟ್ ಸಾಕೆಟ್ಟು ಸ್ಟೀರಿಯೋದ್ದು ಇರ್ತೈತಿ, ಮೂರು ಕಾಲಿಂದು. ಬ್ಯಾಟರಿಯ ಮೈನಸ್ ವೈರು ಅದರ ನಡುವಿನ ಕಾಲಿಗೆ. ಗಿಟಾರಿನ ಮೋನೋ ಪಿನ್ನು ಒಳಗ ಹೋದಾಗ ಅದರ ಮೈಯೇ ಆ ಕಾಲನ್ನ ಗ್ರೌಂಡಿಗೆ ಕೂಡಿಸ್ತೈತಿ, ಕರೆಂಟ್ ಹರೀತೈತಿ.

ಈಗ ನೀವು ಮಾಡಿದ್ದು ನೋಡ್ರಿ. ಒಂದು, ಅಂಗಡ್ಯಾಗ ಸ್ಟೀರಿಯೋ ಸಾಕೆಟ್ ಇಲ್ಲ ಅಂದ್ರು ಅಂತ ಮೋನೋ ತಂದು ಹಾಕೀರಿ. ಹಂಗಾದ್ರ ಬ್ಯಾಟರಿ ಕೂಡೋದೇ ಇಲ್ಲ, ಇಲ್ಲಾ ಬಿಡೋದೇ ಇಲ್ಲ. ಇಲ್ಲಾಂದ್ರ ರಾತ್ರಿ ಬಾರಿಸಿ, ಪಿನ್ನು ಅಲ್ಲೇ ಬಿಟ್ಟು ಮಲಗೀರಿ. ಪಿನ್ನು ಇದ್ದಷ್ಟು ಹೊತ್ತೂ ಬ್ಯಾಟರಿ ಕರಗ್ತಾನ ಇರ್ತೈತಿ. (ಬಾತ್‌ರೂಮ್ ಲೈಟು ಯಾರು ಬಿಟ್ಟೋರು ಅಂತ ದಿನಾ ಮನ್ಯಾಗ ಕೂಗಾಡೋರು ನೀವೇ ಅಲ್ಲೇನು?)

ಬ್ಯಾಟರಿ ಸರಿ ಐತಿ ಅಂತ ಇಟ್ಕೊಳ್ರಿ. ಬಟನ್ ಒತ್ತಿ ಪೆಡಲ್ಲನ್ನ ಬೈಪಾಸ್ ಮಾಡ್ರಿ, ಅಂದ್ರ ಗಿಟಾರು ಸೀದಾ ಆಂಪ್ಲಿಫಯರಿಗೆ ಹೋಗ್ಲಿ. ಈಗ ಸದ್ದು ಬರ್ತೈತೋ? ಬಂತಂದ್ರ ಕೇಬಲ್ಲು, ಸಾಕೆಟ್ಟು ಸಾಚಾ. ಕಳ್ಳ ಬೋರ್ಡಿನ ಮ್ಯಾಲೆ ಅದಾನ. ಈಗೂ ಬರ್ಲಿಲ್ಲಂದ್ರ ಬೋರ್ಡಿಗೆ ಕೈ ಹಚ್ಚಬ್ಯಾಡ್ರಿ, ತಪ್ಪು ಹೊರಗಿನ ವೈರಿನ್ಯಾಗ ಐತಿ. ಒಂದು ಸಲ ಕಾಲು ಒತ್ತಿದ್ರ ಅರ್ಧ ಅನುಮಾನ ಕಳೀತೈತಿ. ಆದ್ರ ನೀವು ಅಷ್ಟರಾಗ ಸೋಲ್ಡರಿಂಗ್ ಐರನ್ ಕಾಯಾಕ ಇಟ್ಟಾಗಿತ್ತು. ಕೈಯಾಗ ಬಿಸಿ ಐರನ್ ಇದ್ದವರಿಗೆ ಬುದ್ಧಿ ಹೇಳಾಕ ಯಾರಿಗೆ ಧೈರ್ಯ ಬರ್ತೈತಿ?

ನಮ್ಮ ಕಡಿ ಮೈಕ್‌ಸೆಟ್ಟಿನವರನ್ನ ನೋಡೀರೇನು? ಕೊಟ್ಟೂರು ತೇರಿನ್ಯಾಗ, ಹಳ್ಳಿ ದೊಡ್ಡಾಟದಾಗ? ನಡುರಾತ್ರಿ ದುರ್ಯೋಧನ ಎದಿ ಉಬ್ಬಿಸಿ ಗರ್ಜನಿ ಮಾಡೋ ಹೊತ್ತಿಗೆ ಸರಿಯಾಗಿ ಮೈಕು ಕೈ ಕೊಡ್ತೈತಿ. ದುರ್ಯೋಧನನ ಬಾಯಿ ಅಲ್ಲಾಡ್ತೈತಿ, ಸದ್ದಿಲ್ಲ. ಮಂದಿ ಸಿಳ್ಳಿ ಹೊಡೀತಾರ. ಆಗ ಮೈಕ್‌ಸೆಟ್ಟಿನ ಹುಡುಗ ಏನ್ ಮಾಡ್ತಾನ? ಆಂಪ್ಲಿಫಯರ್ ಬಿಚ್ಚತಾನೇನು? ಎಸ್.ಪಿ. ರೋಡಿಗೆ ಫೋನ್ ಮಾಡ್ತಾನೇನು?

ಇಲ್ಲ. ಮೈಕಿನ ಪಿನ್ನು ಆಂಪ್ಲಿಫಯರಿಂದ ಕೀಳ್ತಾನ. ಅಲ್ಲಿಗೆ ಒಂದು ಬ್ಯಾರೆ ವೈರು ಚುಚ್ಚಿ, ಅದರ ತುದಿಗೆ ಬೆರಳು ಹಚ್ಚತಾನ. ಹಾರ್ನಿನ್ಯಾಗ 'ಗುಂಯ್' ಅಂತು! ಅಂದ್ರ ಆಂಪ್ಲಿಫಯರಿಂದ ಹಾರ್ನಿನತನ ಎಲ್ಲಾ ಜೀವಂತ. ಹಿಂದಕ್ಕ ಹೋಗಿ ಮೈಕಿನ ವೈರು ನೋಡ್ತಾನ. ಯಾರೋ ಕುರ್ಚಿ ಕಾಲು ಇಟ್ಟು ಕೂತಿರ್ತಾರ. (ಬಹಳ ಸಲ ಊರ ಹಿರಿಯರೇ. ಏಳ್ರಿ ಅನ್ನಾಕ ಅವನಿಗೂ ಕಷ್ಟ.) ನಮ್ಮ ಮೈಯೇ ಒಂದು ಆಂಟೆನಾ ಐತ್ರಿ, ಮನಿ ಕರೆಂಟಿನ 50 ಹರ್ಟ್ಜ್ ಗುಂಯ್‌ಕಾರ ಸದಾ ಹಿಡಕೊಂಡಿರ್ತೈತಿ. ಆ ಹುಡುಗ ಅದನ್ನೇ ಟೆಸ್ಟಿಂಗ್ ಮಷಿನ್ ಮಾಡ್ಕೊಂಡಾನ, ಖರ್ಚಿಲ್ಲದ್ದು.

ಅವನ ಮಾತು ಕೇಳ್ರಿ: 'ಎಲ್ಲಿತನ ಬಂದೈತಿ ಮೊದಲ ನೋಡ್ರಿ ಸರ, ಯಾಕ ಬಂದಿಲ್ಲ ಅನ್ನೋದು ಆಮ್ಯಾಲೆ.' ಪೆಡಲ್ಲಿಗೂ ಇಷ್ಟ. ನಿಮಗ ಮಾತ್ರ 'ಯಾಕ' ಅನ್ನೋದರ ಮ್ಯಾಲೆ ಪ್ರೀತಿ. ಯಾಕ ಅಂದ್ರ ಅದರ ಮ್ಯಾಲೆ ತಾಸುಗಟ್ಟಲೆ ಮಾತಾಡಬಹುದು. 'ಎಲ್ಲಿತನ' ಅನ್ನೋದಕ್ಕ ಬಗ್ಗಿ ನೋಡಬೇಕು, ನಡಾ ನೋಯ್ತೈತಿ.

(ಒಂದು ಎಚ್ಚರಿಕಿ, ನಗಬ್ಯಾಡ್ರಿ. ಬೆರಳು ಹಚ್ಚೋದು 9 ವೋಲ್ಟಿನ ಪೆಡಲ್ಲಿಗೆ ಮತ್ತ ಪಿನ್ನಿನ ವೈರಿಗೆ ಮಾತ್ರ. ಆಂಪ್ಲಿಫಯರ್ ಒಳಗ ಕೈ ಇಡಬ್ಯಾಡ್ರಿ. ಸ್ವಿಚ್ ಆಫ್ ಮಾಡಿದ ಮ್ಯಾಲೂ ಅದರಾಗಿನ ದೊಡ್ಡ ಕೆಪಾಸಿಟರು ಕರೆಂಟ್ ಹಿಡಕೊಂಡು ಕಾಯ್ತಿರ್ತಾವ.)

ಬೆರಳಿಗಿಂತ ಚಲೋ ಉಪಾಯ ಬೇಕಾ? ಹಳೇ ಗಿಟಾರ್ ಕೇಬಲ್ ಒಂದು ತಗೊಳ್ರಿ. ಒಂದು ತುದಿ ಆಂಪ್ಲಿಫಯರಿಗೆ. ಇನ್ನೊಂದು ತುದ್ಯಾಗ ಪಿನ್ನು ಕತ್ತರಿಸಿ, ಹೊರಗಿನ ಜಾಲರಿ ವೈರನ್ನ ಪೆಡಲ್ಲಿನ ಗ್ರೌಂಡಿಗೆ ಹಚ್ಚಿ. ನಡುವಿನ ವೈರಿಗೆ 104 ಅಂತ ಬರೆದಿರೋ ಪುಟ್ಟ ಕೆಪಾಸಿಟರು, ಅಂದ್ರ 0.1 ಮೈಕ್ರೋಫ್ಯಾರಡ್. ಅದರ ಖಾಲಿ ಕಾಲೇ ನಿಮ್ಮ ಸೂಜಿ. ಬ್ಯಾಟರಿಯ ಡಿಸಿ ಆಂಪ್ಲಿಫಯರಿಗೆ ಹೋಗದಂಗ ಕೆಪಾಸಿಟರು ತಡೀತೈತಿ, ಹಾಡನ್ನ ಮಾತ್ರ ಬಿಡ್ತೈತಿ.

ಪೆಡಲ್ಲಿನ ಇನ್‌ಪುಟ್ಟಿಗೆ ಮೊಬೈಲಿಂದ ಒಂದು ಹಾಡು ಹಚ್ಚಿ (ವಾಲ್ಯೂಮ್ ಸಣ್ಣಗ ಇಡ್ರಿ). ಸೂಜಿಯನ್ನ ಸಾಕೆಟ್ಟಿಗೆ ಮುಟ್ಟಿಸ್ರಿ. ಹಾಡು ಕೇಳ್ತು? ಮುಂದ ಹೋಗ್ರಿ. ಮೊದಲನೇ ಕೆಪಾಸಿಟರಿನ ಆಚಿ ಕಡಿ, ಅಂದ್ರ ಟ್ರಾನ್ಸಿಸ್ಟರಿನ ಬೇಸಿಗೆ. ಕೇಳ್ತು? ಕಲೆಕ್ಟರಿಗೆ. ಇಲ್ಲಿ ಹಾಡು ಜೋರಾಗಬೇಕು, ಹರಿದಂಗ ಕೇಳಬೇಕು. ಹೆದರಬ್ಯಾಡ್ರಿ, ಹರಿಯಾಕಂತನ ಅದನ್ನ ಕಟ್ಟಿದ್ದು. ಹಿಂಗ ಹೋಗ್ತಾ ಹೋಗ್ತಾ ಎಲ್ಲಿ ಹಾಡು ನಿಂತ್ತೋ ಅದರ ಹಿಂದು ಮುಂದಿನ ಗೇಣು ಜಾಗದಾಗ ಕಳ್ಳ ಅದಾನ.

ಇಷ್ಟು ಸೀದಾ ಕೆಲಸ. ಆದ್ರ ನೀವು? ನಡುವಿಂದ ಶುರು ಮಾಡ್ತೀರಿ. ಪೇಪರ್ ಕೊನೀ ಪುಟದಿಂದ ಓದೋರು, ಧಾರಾವಾಹಿ ಕೊನೀ ಕಂತು ಮೊದಲು ಕೇಳೋರು, ನಿಮ್ಮ ಕೈಯಾಗ ಸೂಜಿ ಕೊಟ್ರ ಸೀದಾ ಎರಡನೇ ಟ್ರಾನ್ಸಿಸ್ಟರಿಗೆ ಚುಚ್ಚಿ 'ಇದೇ, ಇದೇ ಹೋಗೈತಿ!' ಅಂತ ಕೂಗ್ತೀರಿ.

ಬರ್ರಿ, ಆ ಟ್ರಾನ್ಸಿಸ್ಟರನ್ನೇ ನೋಡೋಣ. ಹಳೇ ಕಾಲದಾಗ ಜರ್ಮೇನಿಯಂದು ಹಾಕ್ತಿದ್ರು. ನಿಮಗ ಟಿವಿ ರಿಪೇರಿ ಅಂಗಡ್ಯಾಗ ಸಿಕ್ಕಿದ್ದು ಬಿ.ಸಿ. 547, ಸಿಲಿಕಾನ್. ತಪ್ಪಿಲ್ಲ, ಚಲೋ ಬಾರಿಸ್ತೈತಿ. ಚಪ್ಪಟಿ ಮುಖ ನಿಮ್ಮ ಕಡಿ ಇಟ್ಟು, ಕಾಲು ಕೆಳಗ ಮಾಡಿ ಹಿಡೀರಿ. ಎಡದಿಂದ ಕಲೆಕ್ಟರು, ಬೇಸು, ಎಮಿಟರು. ಈಗ ನೀವು ನೋಡಿ ಕಟ್ಟಿದ ನಕ್ಷೆ ಅಮೆರಿಕಾದವರದು, ಅದರಾಗ ಇರೋದು 2 ಎನ್ 3904. ಅದರ ಕಾಲು ಎಡದಿಂದ ಎಮಿಟರು, ಬೇಸು, ಕಲೆಕ್ಟರು. ಎರಡೂ ಕರೀ ಅರ್ಧಚಂದ್ರ, ನೋಡಾಕ ಅವಳಿಜವಳಿ. ಚಿತ್ರದಾಗಿನಂಗ ಕೂಡಿಸಿದ್ರಿ, ಕಾಲು ಅದಲುಬದಲಾತು.

ಮಜಾ ಏನಂದ್ರ, ಉಲ್ಟಾ ಹಾಕಿದ ಟ್ರಾನ್ಸಿಸ್ಟರು ಪೂರ್ತಿ ಸಾಯಂಗಿಲ್ಲ. ನರಳ್ತೈತಿ. ಕುಂಯ್ ಅಂತ ಸಣ್ಣ ಸದ್ದು. ನೀವು ಅದನ್ನ ಕೇಳಿ 'ಜೀವ ಐತಿ, ವೋಲ್ಟೇಜ್ ಕಮ್ಮಿ' ಅಂತ ಊರಿನ ಟ್ರಾನ್ಸ್‌ಫಾರ್ಮರ್ ಕಡಿ ಬೊಟ್ಟು ತೋರಿಸ್ತೀರಿ. ಪೆಡಲ್ ನಡೆಯೋದು ಬ್ಯಾಟರಿ ಮ್ಯಾಲೆ ಅನ್ನೋದೂ ಮರೆತು!

ಮಲ್ಟಿಮೀಟರ್ ಕೈಯಾಗ ಐತಲ್ಲ, ಕರಿ ಮುಳ್ಳು ಗ್ರೌಂಡಿಗೆ, ಕೆಂಪು ಮುಳ್ಳು ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. 4.5 ವೋಲ್ಟ್ ಆಸುಪಾಸು ಇರಬೇಕು, ಬ್ಯಾಟರಿಯ ಅರ್ಧ. 9ಕ್ಕೆ 9 ಐತಂದ್ರ ಟ್ರಾನ್ಸಿಸ್ಟರು ಮಲಗೈತಿ. ಮೊದಲನೇದರ ಬೇಸಿನ್ಯಾಗ 0.6ರ ಹತ್ರ ಇರಬೇಕು. ಈ ಎರಡು ಅಂಕಿ ಸರಿ ಇದ್ರ ಟ್ರಾನ್ಸಿಸ್ಟರಿಗೆ ಬೈಯೋದು ಬಿಟ್ಟುಬಿಡ್ರಿ.

ಇನ್ನ ರೆಸಿಸ್ಟರ್ ಬಣ್ಣ. ಮನ್ಯಾಗ ಸಂಜಿಮುಂದ ಹಳದಿ ಬಲ್ಬಿನ ಕೆಳಗ ಕೂತು ಕಟ್ಟಿದ್ರಲ್ಲ? ಬೂದಿ-ಕೆಂಪು-ಕೆಂಪು ಅಂದ್ರ 8.2 ಕಿಲೋ ಓಮ್. ಬೂದಿ-ಕೆಂಪು-ಕಂದು ಅಂದ್ರ 820 ಓಮ್. ಹತ್ತು ಪಟ್ಟು ಫರಕು, ಕಣ್ಣಿಗೆ ಕೂದಲೆಳಿ. ಓದೋ ಕನ್ನಡಕ ಶರ್ಟಿನ ಜೇಬಿನ್ಯಾಗ ಐತಿ, ಹಾಕ್ಕೊಳ್ಳಂಗಿಲ್ಲ. 'ನನಗ ಇನ್ನೂ ಕಣ್ಣು ಚಲೋ ಅದಾವ' ಅಂತ ಹಟ. ಕಣ್ಣು ಚಲೋ ಇದ್ದವರು ಬೋರ್ಡನ್ನ ಅಷ್ಟು ದೂರ ಚಾಚಿ ಹಿಡಿಯೋದು ಯಾಕ್ರಿ? ಆತು, ಕನ್ನಡಕ ಬ್ಯಾಡಂದ್ರ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಫೋಟೋ ತಗೀರಿ. ಮರ್ಯಾದಿಯೂ ಉಳೀತೈತಿ, ಬಣ್ಣವೂ ಕಾಣ್ತೈತಿ.

ಅದೇ ಫೋಟೋದಾಗ ಸೋಲ್ಡರನ್ನೂ ನೋಡ್ರಿ. ಹೊಳೀತಾ, ಕಾಲಿನ ಸುತ್ತ ಇಳಿಜಾರಾಗಿ ಹರಡಿದ್ರ ಚಲೋ ಬೆಸುಗಿ. ಬೂದಿ ಬಣ್ಣದ ಗುಂಡು ಕೂತಿದ್ರ ಅದು ಮ್ಯಾಲೆ ಮ್ಯಾಲೆ ಅಂಟೈತಿ ಅಷ್ಟ, ಒಳಗ ಹಿಡಿದಿಲ್ಲ. ಐರನ್ ತುದಿಗೆ ಸೋಲ್ಡರ್ ಕರಗಿಸಿ, ಆ ಹನಿಯನ್ನ ಒಯ್ದು ಕಾಲಿಗೆ ಮೆತ್ತೀರಲ್ಲ, ಅದರ ಫಲ. ಮೊದಲು ಕಾಲು ಮತ್ತ ತಾಮ್ರ ಎರಡೂ ಕಾಯಬೇಕು, ಆಮ್ಯಾಲೆ ಸೋಲ್ಡರನ್ನ ಅಲ್ಲಿಗೇ ಮುಟ್ಟಿಸಬೇಕು. ಇನ್ನ ಮಿರ್ಚಿ-ಮಂಡಕ್ಕಿ ತಿಂದ ಕೈಲೆ ಬೋರ್ಡ್ ಹಿಡಿದವರು ಯಾರು ಅಂತ ನಾನು ಕೇಳಂಗಿಲ್ಲ. ಕೊಟ್ಟೂರಿನವರಂತೂ ಈ ಮಾತಿಗೆ ಈ ಕಡಿ ನೋಡಂಗಿಲ್ಲ, ಆ ಕಡಿ ನೋಡ್ತಾರ.

ಬ್ಯಾಟರಿ ಖರ್ಚು ಉಳಿಸೋಣ ಅಂತ ಕಪಾಟಿನ ಹಳೇ 9 ವೋಲ್ಟ್ ಅಡಾಪ್ಟರ್ ಹುಡುಕಿ ತಂದ್ರೇನು? ನಿಲ್ರಿ, ನಿಲ್ರಿ! ಮನ್ಯಾಗಿನ ಬಹಳಷ್ಟು ಅಡಾಪ್ಟರಿನ ಪಿನ್ನಿನ್ಯಾಗ ನಡುವ ಪ್ಲಸ್ಸು ಇರ್ತೈತಿ. ಗಿಟಾರ್ ಪೆಡಲ್ಲಿನ ರೂಢಿ ಉಲ್ಟಾ, ನಡುವ ಮೈನಸ್ಸು. ಅಡಾಪ್ಟರ್ ಬೆನ್ನಿಗೆ ಪುಟ್ಟ ಚಿತ್ರ ಇರ್ತೈತಿ, ನೋಡಿ ಚುಚ್ಚಬೇಕು. ನೋಡದ ಚುಚ್ಚಿದ್ದಕ್ಕ ವಾಸನಿ ಬಂತು. ಹಡಗಲಿ ಮಲ್ಲಿಗಿ ಮುಡಕೊಂಡು ಅಡಿಗಿಮನಿಯಿಂದ ಬಂದವರು 'ಏನ್ರೀ ಅದು ಸುಟ್ಟ ನಾತ?' ಅಂದ್ರು. 'ಬಾಜೂ ಮನಿದು' ಅಂದ್ರಿ. ಪಾಪ ಕಾಕಾ!

ಎಲ್ಲಾ ಆದ ಮ್ಯಾಲೆ ಸದ್ದು ಬರಾಕ ಶುರುವಾತು ಅಂತ ಇಟ್ಕೊಳ್ರಿ. ಬಂತು, ಆದ್ರ ಗೊರ್ರ್ ಅಂತ, ಕಾರಿಕಾರಿ ಬಂತು. ಈಗ ನಿಮಗ ಹೊಸಾ ಅನುಮಾನ: ಇದು ಕೆಟ್ಟಿದ್ದೋ, ಇಲ್ಲಾ ಸರಿಯಾಗಿದ್ದೋ? ಭಾರೀ ಪ್ರಶ್ನೆ ಕೇಳಿದ್ರಿ ನೋಡ್ರಿ. ಫಜ್ ಅನ್ನೋದು ಹುಟ್ಟಿದ್ದೇ ರಿಪೇರಿ ಆಗದ ಒಂದು ಮಷಿನ್ನಿಂದ. ಅಮೆರಿಕಾದ ನ್ಯಾಶ್‌ವಿಲ್ ಸ್ಟುಡಿಯೋದಾಗ ಮಾರ್ಟಿ ರಾಬಿನ್ಸ್ ಹಾಡಿನ ರೆಕಾರ್ಡಿಂಗು. ಗ್ರೇಡಿ ಮಾರ್ಟಿನ್ ಬಾಸ್ ಬಾರಿಸ್ತಿದ್ರ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ಲು ಕೆಟ್ಟು ಗೊರ್ರ್ ಅಂತು. ಅದನ್ನ ತೆಗೀಲಿಲ್ಲ, ಹಂಗ ಬಿಟ್ರು. 1961ರಾಗ ಹಾಡು ಹಿಟ್ಟಾತು. ಹಾಡಿನ ಹೆಸರು 'ಡೋಂಟ್ ವರಿ'!

ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಗೊರ್ರನ್ನೇ ಟ್ರಾನ್ಸಿಸ್ಟರಿನ್ಯಾಗ ಕಟ್ಟಿ ಡಬ್ಬ್ಯಾಗ ಹಾಕಿದ್ರು. 1962ರಾಗ ಗಿಬ್ಸನ್ ಕಂಪನಿ ಅದನ್ನ ಮೇಸ್ಟ್ರೋ ಫಜ್-ಟೋನ್ ಅಂತ ಮಾರಾಕ ತಂತು. 1965ರಾಗ ರೋಲಿಂಗ್ ಸ್ಟೋನ್ಸಿನ ಕೀತ್ ರಿಚರ್ಡ್ಸ್ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿಗೆ ಅದನ್ನ ಬಳಸಿದ ಮ್ಯಾಲೆ ಜಗತ್ತಿಗೆಲ್ಲ ಕೆಟ್ಟ ಮಷಿನ್ನಿನ ಸದ್ದೇ ಬೇಕಾತು. (ಈ ಕತಿ ನಿಮಗ ಹೇಳಬಾರದಿತ್ತು. ಇನ್ನ ಮ್ಯಾಲೆ ಮಿಕ್ಸರ್ ಕೆಟ್ರೂ 'ಅದು ಟೋನು' ಅಂತೀರಿ.) ಅನುಮಾನ ಇದ್ರ ಗಿಟಾರಿನ ವಾಲ್ಯೂಮ್ ಇಳಿಸಿ ನೋಡ್ರಿ. ಸದ್ದು ತಿಳಿಯಾಗ್ತಾ ಬಂದ್ರ ಫಜ್ ಸರಿ ಐತಿ. ನೀವು ಬಾರಿಸದಿದ್ರೂ ಗೊರ್ರ್ ಅಂತಾನೇ ಇದ್ರ ಅದಕ್ಕ ಸಂಗೀತದ ಹೆಸರು ಇಡಬ್ಯಾಡ್ರಿ.

ಈಗ ಡಬ್ಬಿ ಮುಚ್ಚೋ ಹೊತ್ತು. ಪ್ಲಾಸ್ಟಿಕ್ ಡಬ್ಬಿ ಹಾಕಿದ್ರ ಫ್ಯಾನ್ ರೆಗ್ಯುಲೇಟರು, ಎಲ್‌ಇಡಿ ಬಲ್ಬು, ಊರ ಸದ್ದೆಲ್ಲ ಒಳಗ ಬರ್ತೈತಿ, ತಗಡಿಂದೇ ಬೇಕು. ಎಲೆಕ್ಟ್ರಿಕಲ್ ಅಂಗಡ್ಯಾಗ ಗೋಡಿಯೊಳಗ ಹೂಳೋ ಜಿಐ ಬಾಕ್ಸ್ ಸಿಗ್ತೈತಿ, ಗಟ್ಟಿಮುಟ್ಟು. ಹೊರಗ ಇದ್ದಾಗ ಚಂದಾಗಿ ಹಾಡಿದ ಬೋರ್ಡು ಒಳಗಿಟ್ಟು ಸ್ಕ್ರೂ ಬಿಗಿದ ತಕ್ಷಣ ಮತ್ತ ಸದ್ದಲೇ! ಬೋರ್ಡಿನ ಬೆನ್ನಿನ ಕಾಲುಗಳು ತಗಡಿಗೆ ತಾಗ್ಯಾವ. ನಡುವ ಒಂದು ಲಗ್ನಪತ್ರಿಕಿ ಕತ್ತರಿಸಿ ಹಾಕ್ರಿ, ಮನ್ಯಾಗ ರಾಶಿ ಬಿದ್ದಿರ್ತಾವ. (ಬಂಗಾರದ ಹಾಳಿ ಮೆತ್ತಿದ್ದು ಬ್ಯಾಡ, ಅದರಾಗ ಕರೆಂಟ್ ಹರಿದೀತು. ಬಡವರ ಮದುವಿದು ಇರ್ಲಿ.)

ಆದ್ರ ನೀವು ಡಬ್ಬಿ ಮುಚ್ಚೋ ಪೈಕಿ ಅಲ್ಲ, ನನಗ ಗೊತ್ತು. ರಬ್ಬರ್ ಬ್ಯಾಂಡ್ ಸುತ್ತಿ ಹಂಗ ಬಿಟ್ಟು ಮುಂದಿನ ಪೆಡಲ್ಲಿನ ನಕ್ಷೆ ಆಗಲೇ ಡೌನ್‌ಲೋಡ್ ಮಾಡೀರಿ. ಎಕೋದ್ದು, ಹೌದಿಲ್ಲೋ? ಒಳ್ಳೇದಾತು, ಅದಕ್ಕ ದೂರ ಹೋಗೋದು ಬ್ಯಾಡ. ಮೈಕ್‌ಸೆಟ್ಟಿನವರ ಆಂಪ್ಲಿಫಯರಿನ್ಯಾಗ ಭಜನಿಗೆ ಎಕೋ ಕೊಡೋ ಬೋರ್ಡು ಇರ್ತೈತಲ್ಲ, ಅದರಾಗ ಬಹಳ ಕಡಿ ಇರೋದು ಪಿ.ಟಿ. 2399 ಅನ್ನೋ ಹದಿನಾರು ಕಾಲಿನ ಚಿಪ್ಪು. ವಿದೇಶದ ಎಷ್ಟೋ ಡಿಲೇ ಪೆಡಲ್ಲಿನ ಹೊಟ್ಟ್ಯಾಗೂ ಅದೇ. ಭಜನಿ ಮನಿ ಬಾಗಿಲು ಬಡೀರಿ, ಸಿಗ್ತೈತಿ. ಆದ್ರ ಒಂದು ಮಾತು. ಅದು 5 ವೋಲ್ಟಿನ ಚಿಪ್ಪು, 9ರ ಬ್ಯಾಟರಿ ಸೀದಾ ಹಚ್ಚಬಾರದು. ನಡುವ 78 ಎಲ್ 05 ರೆಗ್ಯುಲೇಟರ್ ಹಾಕಿ, ಹೊರಗ 5 ಬಂತೋ ಇಲ್ಲೋ ಮೀಟರಿನ್ಯಾಗ ನೋಡಿ, ಆಮ್ಯಾಲೆನ ಚಿಪ್ಪು ಕೂಡಿಸಬೇಕು.

ಅಲ್ರೀ... ಹಚ್ಚೇ ಬಿಟ್ರೇನು?